‘ಸೈನ್’ ಹುಟ್ಟಿದ್ದು ಅಲೆಯಿಂದಲ್ಲ, ಬಿಲ್ಲಿನ ಹೆದೆಯಿಂದ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ವಿಜ್ಞಾನ ಪುಟದಲ್ಲಿ ಪದಗಳ ಮೂಲ ತಿಳಿಸುವ ಕಿರುಅಂಕಣ ಬರುತ್ತಿರುವುದು ಒಳ್ಳೆಯದೇ. ಆದರೆ ತ್ರಿಕೋನಮಿತಿಯ ‘ಸೈನ್’ ಬಗ್ಗೆ ಅದರಲ್ಲಿ ಅಚ್ಚಾದ ಎರಡು ಸಾಲು ತಿದ್ದದೆ ಬಿಡುವಂಥದ್ದಲ್ಲ. ‘ಲ್ಯಾಟಿನ್ನಿನ ಸಿನುಸ್ ಎಂದರೆ ಅಲೆ, ಸೈನ್ ರೇಖೆ ಅಲೆಯಂತೆ ಏರಿಳಿಯುವುದರಿಂದ ಈ ಹೆಸರು’ ಎಂದು ಅಂಕಣ ಹೇಳಿದೆ. ಸಿನುಸ್ ಎಂಬ ಪದದಿಂದ ಸೈನ್ ಬಂದದ್ದು ನಿಜ. ಉಳಿದದ್ದು ತಪ್ಪು.

ತಪ್ಪೆನ್ನಲು ಕಾಲದ ಲೆಕ್ಕವೇ ಸಾಕು. ಯುರೋಪಿನ ಗಣಿತದ ಹಸ್ತಪ್ರತಿಗಳಲ್ಲಿ ಸಿನುಸ್ ಎಂಬ ಹೆಸರು ಕಾಣಿಸಿಕೊಂಡದ್ದು 12ನೇ ಶತಮಾನದಲ್ಲಿ. ಏರಿಳಿಯುವ ಆ ವಕ್ರರೇಖೆಯನ್ನು ಫ್ರಾನ್ಸಿನ ರೋಬರ್ವಾಲ್ ಎಳೆದದ್ದು 17ನೇ ಶತಮಾನದಲ್ಲಿ, ಅದೂ ಉರುಳುವ ಚಕ್ರದ ಅಂಚಿನ ಒಂದು ಬಿಂದು ಬಿಡಿಸುವ ಜಾಡಿನ ಲೆಕ್ಕ ಹಾಕುವಾಗ. ಹೆಸರು ಬಂದು ಸುಮಾರು ಐನೂರು ವರ್ಷವಾದ ಮೇಲೆ ಹುಟ್ಟಿದ ಚಿತ್ರ ನೋಡಿ ಯಾರು ತಾನೇ ಹೆಸರಿಟ್ಟಾರು? ಅಂಕಣದ ಪಕ್ಕ ಹಾಕಿದ್ದ ಅಲೆಯ ಚಿತ್ರವೂ ಹೀಗಾಗಿ ದಾರಿ ತಪ್ಪಿಸುತ್ತದೆ. ಅಲ್ಲಿ ಇರಬೇಕಾದದ್ದು ಬಿಲ್ಲಿನ ಚಿತ್ರ.

ಕೈವಾರ ಹಿಡಿದು 10 ಸೆಂಟಿಮೀಟರ್ ತ್ರಿಜ್ಯದ ವೃತ್ತ ಎಳೆಯಿರಿ. ಅದರ ಪರಿಧಿಯಲ್ಲಿ 60 ಡಿಗ್ರಿಯ ಒಂದು ಕಂಸ ಗುರುತಿಸಿ, ಎರಡು ತುದಿಗಳನ್ನು ಸರಳರೇಖೆಯಿಂದ ಸೇರಿಸಿ. ಕಂಸವೇ ಬಿಲ್ಲು, ಸಂಸ್ಕೃತದಲ್ಲಿ ಚಾಪ. ತುದಿಯಿಂದ ತುದಿಗೆ ಬಿಗಿದ ಗೆರೆ ಹೆದೆ. ಸಂಸ್ಕೃತದಲ್ಲಿ ಜ್ಯಾ ಅಥವಾ ಜೀವಾ. ಹೆದೆಯ ನಡುವಿನಿಂದ ಬಿಲ್ಲಿನ ನಡುವಿಗೆ ನಿಲ್ಲಿಸಿದ ಗೆರೆ ಬಾಣ, ಅಂದರೆ ಶರ. ನಿಮ್ಮ ವೃತ್ತದಲ್ಲಿ ಹೆದೆ ಸರಿಯಾಗಿ 10 ಸೆಂ.ಮೀ., ಅರ್ಧ ಹೆದೆ 5 ಸೆಂ.ಮೀ., ಬಾಣ ಸುಮಾರು 1.34 ಸೆಂ.ಮೀ. ಇರುತ್ತದೆ. ಅರ್ಧ ಹೆದೆಯನ್ನು ತ್ರಿಜ್ಯದಿಂದ ಭಾಗಿಸಿದರೆ 0.5. ಅರ್ಧ ಕಂಸ 30 ಡಿಗ್ರಿ. ಹತ್ತನೇ ತರಗತಿಯ ಮಕ್ಕಳು ಬಾಯಿಪಾಠ ಮಾಡುವ ‘ಸೈನ್ 30’ ಇದೇ. ಸೈನ್ ಎಂಬುದು ಮೂಲದಲ್ಲಿ ಅರ್ಧ ಹೆದೆಯ ಉದ್ದ.

‘ಮೌರ್ವೀ ಜ್ಯಾ ಶಿಂಜಿನೀ ಗುಣಃ’ ಎಂದು ಅಮರಕೋಶ ಹೆದೆಗೆ ನಾಲ್ಕು ಹೆಸರು ಕೊಡುತ್ತದೆ. ಜೀವಾ ಎಂಬ ದೀರ್ಘಾಂತ ಪದವೂ ಹೆದೆಯೇ. ಇದನ್ನು ಪ್ರಾಣ ಎಂಬ ಅರ್ಥದ ‘ಜೀವ’ದೊಂದಿಗೆ ಗಂಟು ಹಾಕಿ, ‘ಸೈನ್ ಎಂದರೆ ಜೀವ’ ಎಂದು ಬರೆದ ಸಂದೇಶಗಳೂ ಮೊಬೈಲುಗಳಲ್ಲಿ ತಿರುಗುತ್ತಿವೆ. ಬಿಲ್ಲು, ಹೆದೆ, ಬಾಣ ಮೂರೂ ಒಟ್ಟಿಗೆ ಇರುವಾಗ ಪ್ರಾಣಕ್ಕೆ ಅಲ್ಲೇನು ಕೆಲಸ?

ಹೆದೆಯನ್ನು ಅರ್ಧ ಮಾಡಿ ಕೋಷ್ಟಕ ಕಟ್ಟಿದ್ದು ಭಾರತದ ಖಗೋಳಜ್ಞರ ಕೆಲಸ. 2ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಟಾಲೆಮಿ 60 ಭಾಗದ ತ್ರಿಜ್ಯ ಇಟ್ಟುಕೊಂಡು, ಅರ್ಧ ಅರ್ಧ ಡಿಗ್ರಿಗೆ ಇಡೀ ಹೆದೆಯ ಕೋಷ್ಟಕ ಮಾಡಿದ್ದ. ಪ್ರತಿ ಲೆಕ್ಕದಲ್ಲೂ ಕೋನವನ್ನು ಇಮ್ಮಡಿ ಮಾಡಿ, ಬಂದ ಹೆದೆಯನ್ನು ಅರ್ಧ ಮಾಡುವ ಕಾಟ ಅದರಲ್ಲಿತ್ತು. 499ರ ಆರ್ಯಭಟೀಯದಲ್ಲಿ ಆ ಕಾಟವಿಲ್ಲ. ಅಲ್ಲಿರುವುದು ಅರ್ಧಜ್ಯಾ. ಸದಾ ಬಳಸುವುದು ಅರ್ಧವನ್ನೇ ಆದ್ದರಿಂದ ಬಾಯಿಮಾತಿನಲ್ಲಿ ‘ಅರ್ಧ’ ಉದುರಿ ಬರೀ ಜ್ಯಾ, ಜೀವಾ ಎಂದು ನಿಂತಿತು. ಮುಂದೆ ಅರಬ್ಬರಿಗೆ ಸಿಕ್ಕಿದ್ದು ಹೀಗೆ ತುಂಡಾದ ಪದ.

ಆರ್ಯಭಟನ ಕೋಷ್ಟಕ ಒಂದೇ ಶ್ಲೋಕದಲ್ಲಿ ಮುಗಿಯುತ್ತದೆ. ‘ಮಖಿ ಭಖಿ ಫಖಿ ಧಖಿ’ ಎಂದು ಶುರು, ‘ಕಲಾರ್ಧಜ್ಯಾಃ’ ಎಂದು ಕೊನೆ. ಕಿವಿಗೆ ಮಂತ್ರದಂತೆ ಕೇಳಿದರೂ ಇದು ಬರೀ ಅಂಕಿ, ಒಂದು ಜ್ಯಾಗೂ ಮುಂದಿನ ಜ್ಯಾಗೂ ಇರುವ ವ್ಯತ್ಯಾಸ. ‘ಕ’ದಿಂದ ‘ಮ’ದವರೆಗಿನ 25 ವ್ಯಂಜನಗಳಿಗೆ 1ರಿಂದ 25; ಇಕಾರ ಸೇರಿದರೆ ನೂರು ಪಟ್ಟು. ಮ ಎಂದರೆ 25, ಖಿ ಎಂದರೆ 200, ಮಖಿ 225. ಭಖಿ 224, ಫಖಿ 222, ಧಖಿ 219. ಹೀಗೆ ಇಳಿಯುತ್ತ 24ನೆಯದು ‘ಛ’, ಅಂದರೆ 7. ಎಲ್ಲವನ್ನೂ ಕೂಡಿದರೆ 3438. ವೃತ್ತದ ಪರಿಧಿಯನ್ನು 21,600 ಕಲೆಗಳೆಂದು ಹಿಡಿದರೆ, ಅಂದರೆ ಡಿಗ್ರಿಗೆ 60ರಂತೆ, ಅದರ ತ್ರಿಜ್ಯ 3437.7 ಕಲೆ, ಪೂರ್ಣಾಂಕಕ್ಕೆ ತಂದರೆ 3438. ಕಂಸಕ್ಕೂ ಹೆದೆಗೂ ಒಂದೇ ಅಳತೆಗೋಲು ಇಟ್ಟುಕೊಂಡದ್ದು ಈ ಪದ್ಧತಿಯ ಜಾಣತನ.

ಬಳಸಿ ನೋಡೋಣ. 20 ಡಿಗ್ರಿಯ ಜ್ಯಾ ಬೇಕು. 20 ಡಿಗ್ರಿ ಎಂದರೆ 1200 ಕಲೆ. ಕೋಷ್ಟಕದ ಮೆಟ್ಟಿಲು 225 ಕಲೆಯದು. 1200ರಲ್ಲಿ ಐದು ಮೆಟ್ಟಿಲು ಹೋಗಿ 75 ಉಳಿಯುತ್ತದೆ. ಮೊದಲ ಐದು ವ್ಯತ್ಯಾಸಗಳ ಮೊತ್ತ (225, 224, 222, 219, 215) 1105. ಆರನೆಯ ವ್ಯತ್ಯಾಸ 210. ಅದರಲ್ಲಿ 225ಕ್ಕೆ 75ರ ಪಾಲು, ಅಂದರೆ ಮೂರನೇ ಒಂದು, 70. ಒಟ್ಟು 1175. ಇಂದಿನ ಕ್ಯಾಲ್ಕುಲೇಟರಿನಲ್ಲಿ ಸೈನ್ 20 ಅನ್ನು 3438ರಿಂದ ಗುಣಿಸಿದರೆ 1175.9. ಒಂದು ಕಲೆಗೂ ಕಡಿಮೆ ವ್ಯತ್ಯಾಸ. ಎಡವುವುದು ಸಾಮಾನ್ಯವಾಗಿ ಒಂದೇ ಕಡೆ: ಶ್ಲೋಕದ ಅಂಕಿಗಳನ್ನೇ ಜ್ಯಾ ಎಂದು ತಿಳಿಯುವುದು. ಅವು ಜ್ಯಾಗಳ ನಡುವಿನ ವ್ಯತ್ಯಾಸಗಳು, ಕೂಡುತ್ತ ಹೋಗಬೇಕು.

ನಮ್ಮ ಶಾಲೆಗಳಲ್ಲಿ ಈ ಪದ ಸತ್ತಿಲ್ಲ ಎಂಬುದು ಗಮನಕ್ಕೆ ಬಾರದ ಸಂಗತಿ. ಕನ್ನಡ ಮಾಧ್ಯಮದ ಗಣಿತ ಪುಸ್ತಕದ ವೃತ್ತಗಳ ಅಧ್ಯಾಯದಲ್ಲಿ ಪರಿಧಿಯ ಎರಡು ಬಿಂದುಗಳನ್ನು ಸೇರಿಸುವ ರೇಖೆಗೆ ‘ಜ್ಯಾ’ ಎಂದೇ ಹೆಸರು. ತ್ರಿಕೋನಮಿತಿಯ ಅಧ್ಯಾಯಕ್ಕೆ ಬಂದರೆ ‘ಸೈನ್’. ಎರಡೂ ಒಂದೇ ಪದ; ಒಂದು ಮನೆಯಲ್ಲೇ ಉಳಿದದ್ದು, ಇನ್ನೊಂದು ಬಾಗ್ದಾದ್, ಟೊಲೆಡೊ, ಲಂಡನ್ ಸುತ್ತಿ ವೇಷ ಬದಲಿಸಿ ಬಂದದ್ದು. ‘ತ್ರಿಜ್ಯ’ದೊಳಗೂ ಅದೇ ಜ್ಯಾ ಇದೆ. ಮೂರು ರಾಶಿಗಳ (ರಾಶಿಗೆ 30 ಡಿಗ್ರಿ) ಜ್ಯಾ, ಅಂದರೆ 90 ಡಿಗ್ರಿಯ ಜ್ಯಾ, ವೃತ್ತದ ಅರ್ಧ ವ್ಯಾಸಕ್ಕೆ ಸಮ. ಅದಕ್ಕೇ ಅದು ತ್ರಿಜ್ಯಾ. ಮಧ್ಯಯುಗದ ಲ್ಯಾಟಿನ್ನಿನಲ್ಲೂ ತ್ರಿಜ್ಯಕ್ಕೆ ‘ಸಿನುಸ್ ಟೋಟುಸ್’, ಇಡಿಯ ಸೈನ್, ಎನ್ನುತ್ತಿದ್ದರು. ತ್ರಿಜ್ಯದಲ್ಲಿ ‘ಮೂರು’ ಎಲ್ಲಿಂದ ಬಂತು ಎಂದು ಕೇಳುವ ಮಗುವಿಗೆ ಕೊಡಬೇಕಾದ ಉತ್ತರ ಇದು.

ಈಗ ಪಯಣಕ್ಕೆ ಬರೋಣ. 770ರ ದಶಕದಲ್ಲಿ ಬಾಗ್ದಾದಿನ ಖಲೀಫ ಅಲ್‌ಮನ್ಸೂರನ ಆಸ್ಥಾನಕ್ಕೆ ಭಾರತದಿಂದ ಖಗೋಳ ಗಣಿತ ತಲುಪಿತು. ‘ಸಿದ್ಧಾಂತ’ವೆಂಬ ಪದವೇ ಅಲ್ಲಿ ‘ಸಿಂದ್‌ಹಿಂದ್’ ಆಯಿತು. 9ನೇ ಶತಮಾನದ ಮೊದಲರ್ಧದಲ್ಲಿ ಅಲ್‌ಖ್ವಾರಿಜ್ಮಿ ಇದೇ ಪರಂಪರೆಯ ಕೋಷ್ಟಕಗಳನ್ನು ರಚಿಸಿದ. (‘ಆಲ್ಗರಿದಮ್’ ಎಂಬ ಪದ ಈತನ ಹೆಸರಿನಿಂದ ಬಂತು, ಆ ಪತ್ರ ಇನ್ನೊಮ್ಮೆ.) ಅನುವಾದಕರು ಬಾಣವನ್ನು ಅರ್ಥ ಹಿಡಿದು ಅನುವಾದಿಸಿದರು, ಶರ ಅರಬ್ಬಿಯಲ್ಲಿ ‘ಸಹ್ಮ್’, ಅಂದರೆ ಬಾಣವೇ, ಆಯಿತು. ಹೆದೆಯ ವಿಷಯದಲ್ಲಿ ಹಾಗೆ ಮಾಡಲಿಲ್ಲ. ಅರಬ್ಬಿಯಲ್ಲಿ ಹೆದೆಗೆ ‘ವತರ್’ ಎಂಬ ಪದವಿತ್ತು, ಆದರೆ ಅದು ಟಾಲೆಮಿಯ ಇಡೀ ಹೆದೆಗೆ ಮೀಸಲಾಗಿತ್ತು. ಅರ್ಧ ಹೆದೆಗೆ ಬೇರೆ ಹೆಸರು ಬೇಕಾಗಿ ಜೀವಾ ಎಂಬುದನ್ನು ಕೇಳಿದಂತೆ ಬರೆದುಕೊಂಡರು. ಅರಬ್ಬಿಯಲ್ಲಿ ನಮ್ಮ ವಕಾರ ಇಲ್ಲ, ಬಕಾರ ಹಾಕಿದರು. ವಸತಿ ‘ಬಸದಿ’ಯಾದ, ವೀರ ‘ಬೀರ’ನಾದ ನಮ್ಮ ನಾಡಿನಲ್ಲಿ ಇದನ್ನು ವಿವರಿಸಬೇಕಿಲ್ಲ. ಜೀವಾ ‘ಜೀಬ್’ ಆಯಿತು.

ಎಡವಟ್ಟು ಆದದ್ದು ಉಚ್ಚಾರದಲ್ಲಲ್ಲ, ಬರಹದಲ್ಲಿ. ಅರಬ್ಬಿಯಲ್ಲಿ ಈ ಪದಕ್ಕೆ ಮೂರೇ ಅಕ್ಷರ: ಜೀಮ್, ಯಾ, ಬಾ. ನಡುವಿನ ‘ಯಾ’ ಎರಡು ಕೆಲಸ ಮಾಡುತ್ತದೆ. ಒಮ್ಮೆ ಅದು ಈಕಾರದ ಗುರುತು. ಆಗ ಓದು ‘ಜೀಬ್’. ಇನ್ನೊಮ್ಮೆ ಅದು ಯಕಾರ. ಅದರ ಹಿಂದೆ, ಅರಬ್ಬಿಯಲ್ಲಿ ಸಾಮಾನ್ಯವಾಗಿ ಬರೆಯದೆ ಬಿಡುವ ಅಕಾರ ಸೇರಿಸಿಕೊಂಡರೆ ಓದು ‘ಜೈಬ್’. ಜೀಬ್ ಎಂಬುದಕ್ಕೆ ಅರಬ್ಬಿಯಲ್ಲಿ ಬೇರೆ ಅರ್ಥವಿಲ್ಲ. ಜೈಬ್ ಎಂಬುದು ದಿನಬಳಕೆಯ ಮಾತು: ಅಂಗಿಯ ಕೊರಳ ಸೀಳು, ಎದೆಯ ಮೇಲಿನ ಮಡಿಕೆ, ಎದೆ. ಅರ್ಥವಿಲ್ಲದ ಪದ ಮತ್ತು ಅರ್ಥವಿರುವ ಪದ ಒಂದೇ ಅಕ್ಷರಗಳಲ್ಲಿ ಎದುರಾದರೆ ಓದುಗನ ಕಣ್ಣು ಎತ್ತ ವಾಲುತ್ತದೆ?

ಕನ್ನಡದಲ್ಲೇ ಒಂದು ಹೋಲಿಕೆ ಸಿಗುತ್ತದೆ. ಹಕಾರ ನುಂಗುವ ಊರಿನಲ್ಲಿ ಯಾರೋ ‘ಹೆದೆ’ ಎಂದು ಹೇಳಿದರು, ಬರೆದುಕೊಳ್ಳುವವನ ಕಿವಿಗೆ ‘ಎದೆ’ ಎಂದು ಬಿತ್ತು ಎಂದುಕೊಳ್ಳಿ. ಆಮೇಲೆ ಆ ಕಡತವನ್ನು ಇನ್ನೊಂದು ಭಾಷೆಗೆ ತರುವವನು ಎದೆ ಎಂಬುದಕ್ಕೆ ತನ್ನ ಭಾಷೆಯ ಪದವನ್ನು ನಿಷ್ಠೆಯಿಂದ ಹಾಕುತ್ತಾನೆ. ಬಿಲ್ಲಿನ ಪಾರಿಭಾಷಿಕ ಪದ ಹೀಗೆ ದೇಹದ ಭಾಗವಾಗುತ್ತದೆ. ಜೀಬ್ ಜೈಬ್ ಆದದ್ದು, ಜೈಬ್ ಸಿನುಸ್ ಆದದ್ದು ಹೆಚ್ಚುಕಡಿಮೆ ಹೀಗೆಯೇ. ಅಲ್ಲಿ ತಪ್ಪಿದ್ದು ಕಿವಿಯಲ್ಲ, ಕಣ್ಣು, ಅಷ್ಟೇ.

ಜೈಬ್ ನಮಗೆ ಹೊಸಬನಲ್ಲ. ಅಂಗಿಯ ಮಡಿಕೆಯಲ್ಲಿ ಹಣ, ಕಾಗದ ಇಟ್ಟುಕೊಳ್ಳುವ ರೂಢಿಯಿಂದ ಪದದ ಅರ್ಥ ಚೀಲದ ಕಡೆ ಸರಿಯಿತು. ಪಾರಸಿ, ಹಿಂದೂಸ್ತಾನಿ ದಾಟಿ ಕನ್ನಡಕ್ಕೆ ಬಂದು ‘ಜೇಬು’ ಆಯಿತು. ಮೈಸೂರು ಕಡೆಯವರು ಜೇಬಿಗೆ ಕೈ ಹಾಕಿದಾಗಲೆಲ್ಲ ಸೈನ್ ಪದದ ಅರಬ್ಬಿ ರೂಪವನ್ನೇ ಉಚ್ಚರಿಸುತ್ತಿರುತ್ತಾರೆ. ನಮ್ಮ ಧಾರವಾಡದ ಕಡೆ ಕಿಸೆ, ಬಕ್ಕಣ ಎನ್ನುವುದರಿಂದ ಆ ಯೋಗ ನಮಗೆ ಸ್ವಲ್ಪ ಕಡಿಮೆ.

ಲ್ಯಾಟಿನ್ನಿಗೆ ದಾಟಿದ್ದು 12ನೇ ಶತಮಾನದಲ್ಲಿ. ಅಲ್‌ಖ್ವಾರಿಜ್ಮಿಯ ಕೋಷ್ಟಕಗಳನ್ನು 1126ರಲ್ಲಿ ಲ್ಯಾಟಿನ್ನಿಗೆ ತಂದ ಇಂಗ್ಲೆಂಡಿನ ಅಡೆಲಾರ್ಡ್ ಈ ಪದವನ್ನು ಅನುವಾದಿಸುವ ಗೋಜಿಗೇ ಹೋಗದೆ ಅರಬ್ಬಿ ರೂಪವನ್ನೇ ಲ್ಯಾಟಿನ್ ಅಕ್ಷರಗಳಲ್ಲಿ ಬರೆದ. ಅರ್ಥ ಹಿಡಿದು ಸಿನುಸ್ ಎಂದವರು ಸ್ಪೇನಿನಲ್ಲಿ ಕೆಲಸ ಮಾಡಿದ ಅನುವಾದಕರು. ಸಾಮಾನ್ಯವಾಗಿ ಹೇಳುವ ಹೆಸರು ಟೊಲೆಡೊದಲ್ಲಿ 70ಕ್ಕೂ ಹೆಚ್ಚು ಅರಬ್ಬಿ ಕೃತಿಗಳನ್ನು ಅನುವಾದಿಸಿ 1187ರಲ್ಲಿ ತೀರಿಕೊಂಡ ಕ್ರೆಮೊನಾದ ಗೆರಾರ್ಡನದು. ಚೆಸ್ಟರಿನ ರಾಬರ್ಟನ ಹೆಸರನ್ನು ಹೇಳುವ ವಿದ್ವಾಂಸರೂ ಇದ್ದಾರೆ.

ಸಿನುಸ್ ಎಂಬುದನ್ನು ಕನ್ನಡಕ್ಕೆ ಹೇಗೆ ತರಬೇಕು ಎಂಬಲ್ಲೇ ನಿಮ್ಮ ಅಂಕಣ ಜಾರಿದ್ದು. ‘ಅಲೆ’ ಅದರ ಅರ್ಥವಲ್ಲ. ಅಲೆಗೆ ಲ್ಯಾಟಿನ್ನಿನಲ್ಲಿ ‘ಉಂಡಾ’ ಇದೆ. ಸಿನುಸ್ ಎಂದರೆ ಒಳಬಾಗಿದ ಜಾಗ. ರೋಮನ್ನರು ಉಡುತ್ತಿದ್ದ ಟೋಗಾದಲ್ಲಿ ಎದೆಯ ಮೇಲೆ ಜೋಲುವ ಮಡಿಕೆಯೂ ಸಿನುಸ್. ಹಣದ ಚೀಲ ಅದರಲ್ಲಿ ಇಟ್ಟುಕೊಳ್ಳುತ್ತಿದ್ದರು. ಅದರಿಂದ ಎದೆ, ಮಡಿಲು ಎಂಬ ಅರ್ಥಗಳು. ಭೂಮಿ ಒಳಬಾಗಿ ನೀರು ತುಂಬಿದ ಜಾಗಕ್ಕೂ ಅದೇ ಹೆಸರು. ಯುರೋಪಿನ ಹಳೆಯ ನಕ್ಷೆಗಳಲ್ಲಿ ಬಂಗಾಳ ಕೊಲ್ಲಿ ‘ಸಿನುಸ್ ಗ್ಯಾಂಜೆಟಿಕುಸ್’, ಗಂಗೆಯ ಕೊಲ್ಲಿ. ಬಟ್ಟೆಯ ಮಡಿಕೆ, ಮಡಿಲು, ಅದರಲ್ಲಿ ಏನಾದರೂ ಇಟ್ಟುಕೊಳ್ಳುವುದು ಈ ಮೂರನ್ನೂ ಒಟ್ಟಿಗೆ ಹಿಡಿಯುವ ಕನ್ನಡ ಪದ ಉತ್ತರ ಕರ್ನಾಟಕದ ‘ಉಡಿ’. ಉಡಿ ತುಂಬುವ ಉಡಿ. ಜೈಬ್‌ಗೂ ಸಿನುಸ್‌ಗೂ ಇದಕ್ಕಿಂತ ಹತ್ತಿರದ ಮಾತು ಸಿಗಲಾರದು. ಮೂಗಿನ ಅಕ್ಕಪಕ್ಕದ ಮೂಳೆಗಳಲ್ಲಿರುವ ಟೊಳ್ಳುಗಳಿಗೆ ವೈದ್ಯರು ಸೈನಸ್ ಎನ್ನುವುದೂ ಇದೇ ಪದ, ಟೊಳ್ಳು ಎಂಬ ಅರ್ಥದಲ್ಲಿ. ತಲೆನೋವಿನ ಸೈನಸ್ ಲ್ಯಾಟಿನ್ನಿನ ಸ್ವಂತ ಮಗ. ಗಣಿತದ ಸೈನ್ ದತ್ತು ಬಂದದ್ದು.

ಇದು ಬರೀ ಚೆಂದದ ಕತೆಯೋ, ಪುರಾವೆ ಇದೆಯೋ ಎಂದು ಕೇಳುವವರಿಗೆ ಬಾಣವೇ ಸಾಕ್ಷಿ. ಒಂದು ಪಾರಿಭಾಷಿಕ ಪದವನ್ನು ಒಂಟಿಯಾಗಿ ಹಿಡಿದರೆ ಏನನ್ನೂ ಹೇಳಬಹುದು. ಅದರ ಜೊತೆಗಾರ ಪದಗಳು ಅದೇ ದಾರಿಯಲ್ಲಿ ನಡೆದಿವೆಯೇ ಎಂದು ನೋಡಬೇಕು. ಶರ ಅರಬ್ಬಿಯ ಸಹ್ಮ್, ಲ್ಯಾಟಿನ್ನಿನ ‘ಸಗಿಟ್ಟಾ’. ಮೂರಕ್ಕೂ ಅರ್ಥ ಬಾಣ. ಅದೇ ಉದ್ದಕ್ಕೆ ಸಂಸ್ಕೃತದಲ್ಲಿ ‘ಉತ್ಕ್ರಮಜ್ಯಾ’, ತಿರುಗುಮುರುಗಾದ ಜ್ಯಾ, ಎಂಬ ಇನ್ನೊಂದು ಹೆಸರಿದೆ. ಅರಬ್ಬಿಯಲ್ಲಿ ‘ಜೈಬ್ ಮಅಕೂಸ್’, ಲ್ಯಾಟಿನ್ನಿನಲ್ಲಿ ‘ಸಿನುಸ್ ವೆರ್ಸುಸ್’, ಇಂಗ್ಲಿಷಿನಲ್ಲಿ ‘ವರ್ಸೈನ್’. ಎಲ್ಲಕ್ಕೂ ಒಂದೇ ಅರ್ಥ, ತಿರುಗಿದ ಜ್ಯಾ. ಬಿಲ್ಲಿನ ಸಂಸಾರವೇ ಗಂಟುಮೂಟೆ ಸಮೇತ ಹೊರಟದ್ದು ಇದರಿಂದ ಖಚಿತ. ದಾರಿಯಲ್ಲಿ ಹೆಸರು ಕೆಟ್ಟದ್ದು ಹೆದೆಯದೊಂದೇ, ಏಕೆಂದರೆ ಅರ್ಥ ಬಿಟ್ಟು ಸದ್ದು ಹಿಡಿದು ದಾಟಿಸಿದ್ದು ಅದನ್ನು ಮಾತ್ರ.

ವರ್ಸೈನ್ ಪಠ್ಯಪುಸ್ತಕದಿಂದ ಮಾಯವಾಗಿದೆ, ಆದರೆ ರೈಲು ಹಳಿಯ ಮೇಲೆ ಬದುಕಿದೆ. ಹಳಿಯ ತಿರುವು ಸರಿಯಾಗಿದೆಯೇ ಎಂದು ಭಾರತೀಯ ರೈಲ್ವೆಯ ಹಳಿ ವಿಭಾಗದವರು ನೋಡುವುದು ವರ್ಸೈನ್ ಅಳೆದೇ. ಹೊರ ಹಳಿಯ ಒಳಮೈಗೆ 20 ಮೀಟರ್ ಉದ್ದದ ದಾರವನ್ನು ಬಿಗಿಯಾಗಿ ಎಳೆದು ಹಿಡಿದು, ನಟ್ಟನಡುವೆ ದಾರಕ್ಕೂ ಹಳಿಗೂ ಎಷ್ಟು ಮಿಲಿಮೀಟರ್ ಅಂತರ ಎಂದು ಸ್ಕೇಲಿನಲ್ಲಿ ಓದುತ್ತಾರೆ. 10 ಮೀಟರ್ ಮುಂದೆ ಸರಿದು ಮತ್ತೆ ಅಳೆಯುತ್ತಾರೆ. ಲೆಕ್ಕ ಸುಲಭ: ದಾರದ ಉದ್ದದ ವರ್ಗವನ್ನು ತಿರುವಿನ ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿ. 20 ಮೀಟರ್ ದಾರಕ್ಕೆ 50,000ವನ್ನು ಮೀಟರಿನಲ್ಲಿರುವ ತ್ರಿಜ್ಯದಿಂದ ಭಾಗಿಸಿದರೆ ಉತ್ತರ ನೇರವಾಗಿ ಮಿಲಿಮೀಟರಿನಲ್ಲಿ ಬರುತ್ತದೆ. ಒಂದು ಡಿಗ್ರಿಯ ತಿರುವಿನ ತ್ರಿಜ್ಯ 1750 ಮೀಟರ್. ವರ್ಸೈನ್ ಸುಮಾರು 28.6 ಮಿ.ಮೀ. ಎರಡು ಡಿಗ್ರಿಯದಾದರೆ 57. ದಾರ ಸಡಿಲವಾದರೆ, ಗಾಳಿಗೆ ತೊನೆದರೆ ಅಂಕಿ ಕೆಡುತ್ತದೆ. ಅಕ್ಕಪಕ್ಕದ ಎರಡು ಅಳತೆಗಳು ತುಂಬ ಹೆಚ್ಚುಕಡಿಮೆಯಾದರೆ ಅಲ್ಲಿ ಹಳಿ ಸೊಟ್ಟಗಾಗಿದೆ ಎಂದರ್ಥ. ಹಳಿಯೇ ಬಿಲ್ಲು, ದಾರವೇ ಹೆದೆ, ಸ್ಕೇಲಿನ ಅಳತೆಯೇ ಬಾಣ. ಅಲೆಯ ಚಿತ್ರದ ಬದಲು ಇದರ ಫೋಟೊ ಹಾಕಿದ್ದರೂ ನಡೆಯುತ್ತಿತ್ತು.

ಇಂಗ್ಲಿಷಿನ ಪಾಲು ಕಡಿಮೆ. 1593ರಲ್ಲಿ ಥಾಮಸ್ ಫೇಲ್ ಎಂಬವನು ನೆರಳು ಗಡಿಯಾರ ಮಾಡುವುದರ ಬಗ್ಗೆ ಬರೆದ ಪುಸ್ತಕದಲ್ಲಿ ‘ಸೈನ್’ ಇಂಗ್ಲಿಷ್ ಪದವಾಗಿ ಮೊದಲು ಕಾಣಿಸಿಕೊಳ್ಳುತ್ತದೆ. ಅದು ಇನ್ನೂ ಉದ್ದವೇ, ಅನುಪಾತವಲ್ಲ. ತ್ರಿಜ್ಯವನ್ನು 1 ಎಂದು ಹಿಡಿದು ಸೈನ್ ಅನ್ನು ಬರೀ ಸಂಖ್ಯೆಯಾಗಿ ನೋಡುವ ರೂಢಿ ಬೇರೂರಿದ್ದು ಗಣಿತಜ್ಞ ಆಯ್ಲರನ 1748ರ ಗ್ರಂಥದಿಂದ.

ತಿದ್ದುಪಡಿ ಹಾಕುವಾಗ ಇನ್ನೊಂದು ಹೊಂಡಕ್ಕೆ ಬೀಳದಿರಲೆಂದು ಕೆಲವು ಮಾತು. ‘ಕೋಸೈನ್ ಬಂದದ್ದು ಕೋಟಿಜ್ಯಾದಿಂದ’ ಎಂಬುದು ಬಲು ಜನಪ್ರಿಯ. ಕೋಟಿ ಎಂದರೆ ಬಿಲ್ಲಿನ ತುದಿ. ಕೋಟಿಜ್ಯಾ ಎಂಬ ಪರಿಕಲ್ಪನೆ ನಮ್ಮಲ್ಲಿ ಮೊದಲೇ ಇದ್ದದ್ದು ಸತ್ಯ. ಆದರೆ ಇಂಗ್ಲಿಷಿನ ‘ಕೋ’ ಆ ಕೋಟಿಯಲ್ಲ. ಅರಬ್ಬರು ಅದನ್ನು ‘ಜೈಬ್ ಅಲ್‌ತಮಾಮ್’, ಪೂರಕದ (90 ಡಿಗ್ರಿ ಆಗಲು ಬೇಕಾದ ಉಳಿದ ಕೋನದ) ಜೈಬ್, ಎಂದರು. ಲ್ಯಾಟಿನ್ನಿನಲ್ಲಿ ‘ಸಿನುಸ್ ಕಾಂಪ್ಲೆಮೆಂಟಿ’. ಅದನ್ನು 1620ರಲ್ಲಿ ಲಂಡನ್ನಿನ ಎಡ್ಮಂಡ್ ಗುಂಟರ್ ‘ಕೋ.ಸಿನುಸ್’ ಎಂದು ಚಿಕ್ಕದು ಮಾಡಿದ. ನಡುವಿನ ಕೊಂಡಿಗಳಲ್ಲಿ ಎಲ್ಲೂ ‘ಕೋ’ ಸದ್ದು ಇಲ್ಲದ ಮೇಲೆ ಎರಡು ತುದಿಗಳು ಹೋಲುವುದು ಆಕಸ್ಮಿಕ. ಸೈನ್ ನಮ್ಮದು ಎನ್ನಲು ಪುರಾವೆ ಇದೆ. ಕೋಸೈನಿನ ಹೆಸರು ನಮ್ಮದು ಎನ್ನಲು ಇಲ್ಲ. ಎರಡನೆಯದನ್ನು ಹಟದಿಂದ ಹೇಳಿದರೆ ಮೊದಲನೆಯದನ್ನೂ ಜನ ನಂಬುವುದಿಲ್ಲ.

ಜೈಬ್‌ನಲ್ಲೂ ಸೈನ್‌ನಲ್ಲೂ ಐಕಾರ ಇದೆ ಎಂಬುದೂ ಇಂಥದೇ. ಲ್ಯಾಟಿನ್ ಸಿನುಸ್‌ನಲ್ಲಿರುವುದು ಹ್ರಸ್ವ ಇಕಾರ. ಐಕಾರ ಇಂಗ್ಲಿಷರ ಓದಿನ ರೂಢಿ. ಇನ್ನೊಂದು ಬಲೆ ‘ಸಿನ್ಯೂ’, ಸ್ನಾಯುವಿಗಿರುವ ಇಂಗ್ಲಿಷ್ ಪದ. ಸ್ನಾಯುವಿನಿಂದ ಹೆದೆ ಹೊಸೆಯುತ್ತಿದ್ದರು, ಅದರ ಜರ್ಮನ್ ಸೋದರ ‘ಜೇನೆ’ಗೆ ಹೆದೆ ಎಂದೂ ವೃತ್ತದ ಜ್ಯಾ ಎಂದೂ ಅರ್ಥವಿದೆ. ಇಷ್ಟೆಲ್ಲ ಹೊಂದಿಕೊಂಡರೂ ಅದು ಜರ್ಮಾನಿಕ್ ಪದ, ಸಿನುಸ್‌ಗೆ ಸಂಬಂಧವಿಲ್ಲ. ವಿಧಾನಸಭೆಯನ್ನು ‘ಸೈನ್ ಡೈ’ ಮುಂದೂಡಿದರು ಎನ್ನುವಾಗಿನ ಸೈನ್, ‘ಇಲ್ಲದೆ’ ಎಂಬರ್ಥದ ಬೇರೊಂದು ಲ್ಯಾಟಿನ್ ಪದ. ಅರ್ಥ ಹೊಂದುವುದು, ಸದ್ದು ಹೊಂದುವುದು ಎರಡೂ ಇದ್ದರೂ ಸಾಲದು. ಯಾವ ಕೈಯಿಂದ ಯಾವ ಕೈಗೆ, ಯಾವ ಕಾಲದಲ್ಲಿ ದಾಟಿತು ಎಂಬುದು ಬೇಕು.

ಗೆರಾರ್ಡನನ್ನು ಪೆದ್ದ ಅನುವಾದಕನೆಂದು ಹಂಗಿಸುವ ರೂಢಿಯೂ ನಿಲ್ಲಬೇಕು. ಅವನ ಕಾಲಕ್ಕೆ ಅರಬ್ಬಿ ಗಣಿತಜ್ಞರೇ ಈ ಪದವನ್ನು ತಮ್ಮ ಭಾಷೆಯ ಪದದಂತೆ ಬಳಸಿ, ‘ಜುಯೂಬ್’ ಎಂದು ಬಹುವಚನವನ್ನೂ ಮಾಡಿಕೊಂಡಿದ್ದರು. ಅದು ಸಂಸ್ಕೃತದ ಜೀವಾ ಎಂದು ಟೊಲೆಡೊದಲ್ಲಿ ಕೂತವನಿಗೆ ತಿಳಿಯುವ ದಾರಿ ಇರಲಿಲ್ಲ. ಅವನ ಮುಂದಿದ್ದದ್ದು ಜೈಬ್. ಉಡಿಗೆ ಉಡಿ ಎಂದೇ ಬರೆದ. ಅನುವಾದ ಸರಿ, ಎಡವಿದ್ದು ಮೂರು ಅಕ್ಷರಗಳ ಆ ಬರಹ.

ಅಂಕಣಕಾರರು ಮುಂದಿನ ಪದಗಳಿಗೆ ಹೀಗೆ ಮಾಡಬಹುದು. ಮೊದಲು ಇಂಗ್ಲಿಷಿನಲ್ಲಿ ಪದ ಕಾಣಿಸಿಕೊಂಡ ಇಸವಿ, ಆಗಿನ ಅರ್ಥ ನೋಡಿ. ಲ್ಯಾಟಿನ್ ಮೂಲವೆಂದಿದ್ದರೆ ಯಾವ ಲ್ಯಾಟಿನ್ ಎಂದು ಕೇಳಿ. ಪ್ರಾಚೀನ ರೋಮಿನ ವಾಗ್ಮಿ ಸಿಸೆರೊನ ಕಾಲದ್ದೋ, 12ನೇ ಶತಮಾನದ ಅನುವಾದಕರದ್ದೋ, 19ನೇ ಶತಮಾನದ ವಿಜ್ಞಾನಿಗಳು ಹೊಸದಾಗಿ ಕಟ್ಟಿದ್ದೋ. ಸಿಸೆರೊನ ಓದುಗನಿಗೆ ಸಿನುಸ್ ಗೊತ್ತಿತ್ತು, ಅದರ ಗಣಿತದ ಅರ್ಥ ಗೊತ್ತಿರಲಿಲ್ಲ. 12ನೇ ಶತಮಾನದ್ದಾದರೆ ಬೆನ್ನ ಹಿಂದೆ ಅರಬ್ಬಿ ಇದೆಯೇ ಎಂದು ಹುಡುಕಲೇಬೇಕು. ನಿಘಂಟಿನ ಮೊದಲ ಅರ್ಥ ಹಿಡಿದು, ಇಂದಿನ ಚಿತ್ರಕ್ಕೆ ಜೋಡಿಸಿ ಕಾರಣ ಹೊಸೆಯುವುದು ಎಲ್ಲಕ್ಕಿಂತ ಸುಲಭ. ನಿಮ್ಮ ಅಂಕಣದಲ್ಲಿ ಆದದ್ದು ಅದೇ.

ಜಾಗದ ತೊಂದರೆಯಿದ್ದರೆ ಇಷ್ಟು ಅಚ್ಚಾದರೂ ಸಾಕು: ‘ಸೈನ್: ಸಂಸ್ಕೃತದ ಜ್ಯಾ, ಜೀವಾ (ಬಿಲ್ಲಿನ ಹೆದೆ) ಅರಬ್ಬಿಯಲ್ಲಿ ಜೀಬ್ ಆಗಿ, ಅದನ್ನು ಜೈಬ್ (ಉಡಿ, ಜೇಬು) ಎಂದು ಓದಿದ್ದರಿಂದ 12ನೇ ಶತಮಾನದಲ್ಲಿ ಲ್ಯಾಟಿನ್ನಿನ ಸಿನುಸ್ ಆಯಿತು, ಇಂಗ್ಲಿಷಿಗೆ 1593ರಲ್ಲಿ ಬಂತು.’ ಪಕ್ಕದಲ್ಲಿ ಹೆದೆಯೇರಿಸಿದ ಒಂದು ಬಿಲ್ಲು, ಹೆದೆಯ ಅರ್ಧಭಾಗ ದಪ್ಪಗೆರೆಯಲ್ಲಿ.

ಇಂತಿ,
ಗಣಿತ ಮತ್ತು ಭಾಷಾವಿಜ್ಞಾನದ ಇಬ್ಬರು ಅಧ್ಯಾಪಕರು,
ಧಾರವಾಡ